ಫೈಲು ನಿಮ್ಮದು, ಮಷೀನಿನ ಕೀಲಿ ಯಾರ ಕೈಯಲ್ಲಿ?

ಬಾಗಲಕೋಟೆಯಲ್ಲಿ ರೇಡಿಯಂ ಅಂಗಡಿಯವರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಕಾರ್ಡು-ಡಬ್ಬಿ ಮಾಡುವ ಕುಶಲಕರ್ಮಿಗಳು ಕೂಡಿದ್ದಲ್ಲಿ, ಕಂಪ್ಯೂಟರಿನ ಚಿತ್ರದಂತೆ ಕಾಗದ, ಸ್ಟಿಕರ್ ಕತ್ತರಿಸುವ ಮಷೀನುಗಳ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದೆ.

ಕಸೂತಿಯ ಗೋಪುರವನ್ನೇ ತೆಗೆದುಕೊಳ್ಳೋಣ. ಇಳಕಲ್ ಸೀರೆಯ ಮೇಲೆ ನೀವೆಲ್ಲ ನೋಡಿರುವಂಥದು. ಕಂಪ್ಯೂಟರಿನಲ್ಲಿ ಅದನ್ನು ಸರಿಯಾಗಿ 100 ಮಿ.ಮೀ. ಅಗಲಕ್ಕೆ ಬಿಡಿಸಿ, ಮದುವೆ ಕಾರ್ಡಿಗೆ ಕತ್ತರಿಸಿ ಕೊಡಿ ಎಂದು ಮೂರು ಕಡೆ ಕೊಟ್ಟಿರಿ ಅನ್ನಿ. ಒಂದು ಕಡೆ 75 ಮಿ.ಮೀ. ಆಗಿ ಬರುತ್ತದೆ. ಇನ್ನೊಂದು ಕಡೆ 133. ಮೂರನೆಯ ಅಂಗಡಿಯವರು ಫೋನ್ ಮಾಡಿ, "ಅಕ್ಕಾರ, ಇದು ಎರಡೂವರಿ ಮೀಟರ್ ಐತಲ್ರೀ, ಗೋಡಿಗೆ ಹಚ್ಚೋದೇನ್ರೀ?" ಎಂದು ಕೇಳುತ್ತಾರೆ. ಮೂರೂ ಕಡೆ ಮಷೀನು ಚೆನ್ನಾಗಿದೆ, ಬ್ಲೇಡು ಹೊಸದು, ಕೆಲಸದವರೂ ಪಳಗಿದವರೇ. ಎಡವಟ್ಟಾದದ್ದು ಫೈಲು ಒಂದು ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ದಾಟುವಾಗ.

ಈ ಅಳತೆಯ ಗೊಂದಲ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ಬಿಡಿಸೋಣ. ಅದಕ್ಕಿಂತ ದೊಡ್ಡ ಪ್ರಶ್ನೆ ಆಮೇಲೆ ಬರುತ್ತದೆ: ನೀವು ದುಡ್ಡು ಕೊಟ್ಟು ತಂದ ಮಷೀನು ನಿಮ್ಮ ಫೈಲನ್ನು ಯಾವ ಬಾಗಿಲಿನಿಂದ ಒಳಗೆ ಬಿಟ್ಟುಕೊಳ್ಳುತ್ತದೆ? ಮಾರುವವರು ಅಗಲ ಹೇಳುತ್ತಾರೆ, ವೇಗ ಹೇಳುತ್ತಾರೆ, ವಾರಂಟಿ ಹೇಳುತ್ತಾರೆ. ಇದನ್ನು ಹೇಳುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ.

ಚಿತ್ರದ ಫೈಲುಗಳಲ್ಲಿ ಎರಡು ಜಾತಿ. ಜೆಪೆಗ್, ಪಿಎನ್‌ಜಿ ಚುಕ್ಕಿಗಳ ರಾಶಿ. ಎಸ್‌ವಿಜಿ, ಡಿಎಕ್ಸ್‌ಎಫ್, ಪಿಎಲ್‌ಟಿ, ಇಪಿಎಸ್ ಇವು ಗೆರೆಗಳ ಲೆಕ್ಕ. ಬ್ಲೇಡಿಗೆ ಬೇಕಾದದ್ದು ಗೆರೆ. ಫೋಟೊ ಕೊಟ್ಟರೂ ಕತ್ತರಿಸಬಹುದಲ್ಲ ಎಂದರೆ, ನಡುವೆ ಟ್ರೇಸ್ ಎಂಬ ಹೆಜ್ಜೆ ಇದೆ: ಕಪ್ಪು ಎಲ್ಲಿ ಮುಗಿದು ಬಿಳಿ ಎಲ್ಲಿ ಶುರುವಾಗುತ್ತದೆ ಎಂದು ಪ್ರೋಗ್ರಾಮು ಊಹಿಸಿ ಅಂಚಿಗೆ ಗೆರೆ ಎಳೆಯುತ್ತದೆ. ಊಹೆ ಎಂಬುದನ್ನು ಮರೆಯಬೇಡಿ. ವಾಟ್ಸಾಪ್‌ನಲ್ಲಿ ಫೋಟೊ ಎಂದು ಕಳಿಸಿದ ಚಿತ್ರ ಕುಗ್ಗಿ, ಅಂಚು ಮಸುಕಾಗಿ ಬಂದಿರುತ್ತದೆ. ಅದನ್ನು ಟ್ರೇಸ್ ಮಾಡಿದರೆ ನೇರ ಗೆರೆಯೂ ಗರಗಸದ ಹಲ್ಲಾಗುತ್ತದೆ, ಬ್ಲೇಡು ಹಲ್ಲುಹಲ್ಲಿಗೂ ತಡವರಿಸುತ್ತದೆ, ಕಾಗದ ಹರಿಯುತ್ತದೆ. ಏನೇ ಕಳಿಸಿದರೂ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ.

ಕಸೂತಿಯ ವಿಷಯದಲ್ಲಿ ಟ್ರೇಸ್ ಮಾಡುವುದೇ ದಡ್ಡತನ ಎಂದು ನಮ್ಮ ಅಭಿಪ್ರಾಯ. ಕಸೂತಿ ಎಳೆ ಎಣಿಸಿ ಹಾಕುವ ಕೆಲಸ. ಗಾವಂತಿ ಹೊಲಿಗೆಯಾಗಲಿ ಮುರ್ಗಿ ಹೊಲಿಗೆಯಾಗಲಿ, ಗೆರೆ ಅಡ್ಡ, ಉದ್ದ, ಇಲ್ಲವೇ ಮೂಲೆಗೆ ಹೋಗುತ್ತದೆ. ಅಂದರೆ ಚೌಕುಳಿ ಕಾಗದದ ಮೇಲೆ ಪೂರ್ತಿ ಕೂಡುವ ಚಿತ್ರ. ಇಂಕ್‌ಸ್ಕೇಪ್ ಎಂಬ ಉಚಿತ ಪ್ರೋಗ್ರಾಮಿನಲ್ಲಿ 2 ಮಿ.ಮೀ. ಗ್ರಿಡ್ ಹಾಕಿ, ಗೆರೆ ಗ್ರಿಡ್ಡಿಗೇ ಅಂಟುವಂತೆ ಸ್ನ್ಯಾಪ್ ಚಾಲೂ ಮಾಡಿ, ಗೆರೆಗೆ ಗೆರೆ ಮತ್ತೆ ಬಿಡಿಸಿ. ಒಂದು ತಾಸಿನ ಕೆಲಸ. ಫೋಟೊದಿಂದ ಬಂದ ಗೋಪುರದಲ್ಲಿ ಸಾವಿರಾರು ನೋಡ್, ಅಂದರೆ ಗೆರೆಯ ತುಂಡುಗಳು ಕೂಡುವ ಬಿಂದು, ಇರುತ್ತವೆ. ಬಿಡಿಸಿದ್ದರಲ್ಲಿ ಮೂಲೆಗೆ ಒಂದೇ ನೋಡ್. ಇನ್ನೊಂದು ಮಾತು: ಕಸೂತಿಯ ಗೆರೆಗೆ ದಪ್ಪವಿಲ್ಲ, ಕತ್ತರಿಸಿದ ಕಾಗದಕ್ಕೆ ದಪ್ಪ ಬೇಕು. 250 ಜಿಎಸ್ಎಂ ಕಾರ್ಡಿನಲ್ಲಿ ಪಟ್ಟಿ ಒಂದೂವರೆ ಮಿ.ಮೀ.ಗಿಂತ ಕಡಿಮೆಯಾದರೆ ಮ್ಯಾಟಿನಿಂದ ಎಬ್ಬಿಸುವಾಗ ಕಿತ್ತು ಬರುತ್ತದೆ. ಗೆರೆಗೆ ಒಂದೂವರೆ ಮಿ.ಮೀ. ಸ್ಟ್ರೋಕ್ ಕೊಟ್ಟು, ಪಾತ್ ಮೆನುವಿನಲ್ಲಿ ಸ್ಟ್ರೋಕ್ ಟು ಪಾತ್ ಒತ್ತಿ, ಆಮೇಲೆ ಎಲ್ಲವನ್ನೂ ಯೂನಿಯನ್ ಮಾಡಿ. ಈ ಹೆಜ್ಜೆ ತಪ್ಪಿದರೆ ಬ್ಲೇಡು ಗೆರೆಯ ನಟ್ಟನಡುವೆ ಒಮ್ಮೆ ಹೋಗುತ್ತದೆ. ಕೈಗೆ ಸಿಗುವುದು ಸೀಳಿದ ಕಾಗದ.

ಈಗ ಆ 75 ಮತ್ತು 133. ಎಸ್‌ವಿಜಿ ಎಂಬುದು ಬರಿಯ ಅಕ್ಷರಗಳ ಫೈಲು, 2001ರಲ್ಲಿ ವೆಬ್‌ನ ಮಾದರಿಗಳನ್ನು ನಿಗದಿ ಮಾಡುವ ಡಬ್ಲ್ಯೂ3ಸಿ ಸಂಸ್ಥೆ ಒಪ್ಪಿದ ಮುಕ್ತ ಮಾದರಿ. ನೋಟ್‌ಪ್ಯಾಡ್‌ನಲ್ಲೂ ತೆರೆಯುತ್ತದೆ. ಮೇಲಿನ ಸಾಲುಗಳಲ್ಲಿ ವಿಡ್ತ್, ಹೈಟ್, ವ್ಯೂಬಾಕ್ಸ್ ಎಂಬ ಮೂರು ಮಾತು ಹುಡುಕಿ. ವಿಡ್ತ್ ಎದುರಿಗೆ ಅಂಕಿಯ ಜೊತೆ ಎಂಎಂ ಎಂದು ಬರೆದಿದ್ದರೆ ನಿಶ್ಚಿಂತೆ. ಬರೀ ಅಂಕಿ ಇದ್ದರೆ ಅದು ಪಿಕ್ಸೆಲ್, ಮತ್ತು ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಎಂಬುದರಲ್ಲಿ ಪ್ರೋಗ್ರಾಮುಗಳಿಗೆ ಒಮ್ಮತವಿಲ್ಲ. ಇಲಸ್ಟ್ರೇಟರ್ 72 ಎನ್ನುತ್ತದೆ, ಇಂಕ್‌ಸ್ಕೇಪ್ 96. ಇಲಸ್ಟ್ರೇಟರಿನಲ್ಲಿ ಬಿಡಿಸಿದ್ದನ್ನು ಇಂಕ್‌ಸ್ಕೇಪ್‌ನಲ್ಲಿ ತೆರೆದರೆ 72 ಭಾಗಿಸು 96, ಅಂದರೆ ಮುಕ್ಕಾಲು: 75 ಮಿ.ಮೀ. ಇಂಕ್‌ಸ್ಕೇಪಿನದನ್ನು ಇಲಸ್ಟ್ರೇಟರಿನಲ್ಲಿ ತೆರೆದರೆ 133. ಇಂಕ್‌ಸ್ಕೇಪ್ ಕೂಡ 2017ರಲ್ಲಿ 0.92 ಆವೃತ್ತಿ ಬರುವವರೆಗೆ 90 ಎನ್ನುತ್ತಿತ್ತು. ಹಾಗಾಗಿ ಹಳೆಯ ಪೆನ್‌ಡ್ರೈವಿನ ಫೈಲು ಹೊಸದರಲ್ಲಿ 93.75 ಮಿ.ಮೀ. ಆಗಿ ತೆರೆದರೆ ಗಾಬರಿ ಬೇಡ, ಕಾರಣ ಇದೇ. ಡಾಕ್ಯುಮೆಂಟ್ ಪ್ರಾಪರ್ಟೀಸ್‌ನಲ್ಲಿ ಅಳತೆಯನ್ನು ಮಿಲಿಮೀಟರಿಗೆ, ಸ್ಕೇಲನ್ನು 1ಕ್ಕೆ ಇಟ್ಟು ಕೆಲಸ ಶುರು ಮಾಡಿ.

ಎರಡೂವರೆ ಮೀಟರಿನ ಗೋಪುರ ಡಿಎಕ್ಸ್‌ಎಫ್ ಮಹಿಮೆ. ಇದು 1982ರಲ್ಲಿ ಆಟೋಕ್ಯಾಡ್ ಎಂಬ ನಕ್ಷೆ ಬಿಡಿಸುವ ಪ್ರೋಗ್ರಾಮಿನ ಜೊತೆ ಬಂದ ಮಾದರಿ. ಅನೇಕ ಪ್ರೋಗ್ರಾಮುಗಳು ಇದರಲ್ಲಿ 100 ಎಂದಷ್ಟೇ ಬರೆದು ಬಿಡುತ್ತವೆ, 100 ಏನು ಎಂದು ಹೇಳುವುದಿಲ್ಲ. ಓದುವವರು ಇಂಚು ಎಂದುಕೊಂಡರೆ 25.4 ಪಟ್ಟು ಬೆಳೆಯುತ್ತದೆ. ದುಂಡು ಗೆರೆಗಳು ಸಣ್ಣಸಣ್ಣ ನೇರ ತುಂಡುಗಳಾಗಿ ಒಡೆಯುವುದೂ ಇದರಲ್ಲೇ ಹೆಚ್ಚು. ದುಂಡಕ್ಷರದ ನಮ್ಮ ಭಾಷೆಗೆ ಅದು ಚೆನ್ನಾಗಿ ಕಾಣುವುದಿಲ್ಲ. ಬೇರೆ ದಾರಿ ಇಲ್ಲದಾಗ ಮಾತ್ರ ಡಿಎಕ್ಸ್‌ಎಫ್.

ಎಲ್ಲಕ್ಕೂ ಒಂದು ಸುಲಭದ ಉಪಾಯ ಇದೆ. ಪ್ರತಿ ಫೈಲಿನ ಮೂಲೆಯಲ್ಲಿ 100 ಮಿ.ಮೀ. ಚೌಕ ಒಂದನ್ನು ಬಿಡಿಸಿಡಿ. ತೆರೆದವರು ಮೊದಲು ಅದನ್ನು ಅಳೆಯಲಿ, ಸರಿಯಿದ್ದರೆ ಅಳಿಸಿ ಕತ್ತರಿಸಲಿ. ಫೈಲಿನ ಹೆಸರಿನಲ್ಲೇ ಅಗಲ ಎತ್ತರ ಬರೆಯಿರಿ.

ಪಿಎಲ್‌ಟಿ ಬಗ್ಗೆ ಸ್ವಲ್ಪ ನಿಂತು ನೋಡಬೇಕು. ನಮ್ಮ ಕಡೆಯ ರೇಡಿಯಂ ಅಂಗಡಿಗಳ ಪ್ಲಾಟರುಗಳಲ್ಲಿ (ಸ್ಟಿಕರ್ ಕತ್ತರಿಸುವ ಮಷೀನುಗಳಲ್ಲಿ) ಬಹುಪಾಲು ಅರ್ಥಮಾಡಿಕೊಳ್ಳುವ ಭಾಷೆ ಇದು. ಹ್ಯೂಲೆಟ್ ಪ್ಯಾಕರ್ಡ್ ಕಂಪನಿ 1970ರ ದಶಕದಲ್ಲಿ ಪೆನ್ನಿನ ಪ್ಲಾಟರಿಗೆಂದು ಮಾಡಿದ ಎಚ್‌ಪಿಜಿಎಲ್. ಪೆನ್ನಿನ ಜಾಗದಲ್ಲಿ ಬ್ಲೇಡು ಬಂದರೂ ಮಾತು ಬದಲಾಗಲಿಲ್ಲ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಹೀಗಿರುತ್ತದೆ: ಐಎನ್; ಎಸ್‌ಪಿ1; ಪಿಯು0,0; ಪಿಡಿ4000,0; ಪಿಡಿ4000,4000; ಪಿಡಿ0,4000; ಪಿಡಿ0,0; ಪಿಯು; ಇದರಲ್ಲಿ ಐಎನ್ ಎಂದರೆ ಹೊಸದಾಗಿ ಶುರು ಮಾಡು. ಎಸ್‌ಪಿ1, ಒಂದನೇ ಪೆನ್ನು ಹಿಡಿ. ಪಿಯು ಪೆನ್ ಎತ್ತು, ಪಿಡಿ ಪೆನ್ ಇಳಿಸಿ ಎಳೆ. ಅಂಕಿಗಳು 0.025 ಮಿ.ಮೀ. ಲೆಕ್ಕದಲ್ಲಿ, ಅಂದರೆ ಒಂದು ಮಿ.ಮೀ.ಗೆ 40. ಆದ್ದರಿಂದ 4000 ಎಂದರೆ 100 ಮಿ.ಮೀ. ಇಲ್ಲಿ ಊಹೆಗೆ ಜಾಗವೇ ಇಲ್ಲ, ಹಾಗಾಗಿ ಅಳತೆ ತಪ್ಪುವುದು ಕಡಿಮೆ. ಕುತ್ತು ಬೇರೆ ಕಡೆ ಇದೆ: ಇದರಲ್ಲಿ ಬಣ್ಣವಿಲ್ಲ, ಅಕ್ಷರ ಅಕ್ಷರವಾಗಿ ಉಳಿದಿಲ್ಲ, ದುಂಡು ಗೆರೆ ತಿದ್ದಲು ಬರುವುದಿಲ್ಲ. ಪಿಎಲ್‌ಟಿ ಕತ್ತರಿಸಲಿಕ್ಕೆ, ಎಸ್‌ವಿಜಿ ಇಟ್ಟುಕೊಳ್ಳಲಿಕ್ಕೆ.

ಇಂಕ್‌ಸ್ಕೇಪ್‌ನಿಂದಲೇ ಎಚ್‌ಪಿಜಿಎಲ್ ಫೈಲು ಉಳಿಸಬಹುದು. ಉಳಿಸುವಾಗ ಒಂದು ಚಿಕ್ಕ ಕಿಟಕಿ ತೆರೆಯುತ್ತದೆ. ರೆಸಲ್ಯೂಶನ್ 1016 ಎಂದಿರುತ್ತದೆ, ಅದು ಇಂಚಿಗೆ 1016, ಅಂದರೆ ಮಿ.ಮೀ.ಗೆ 40ರ ಲೆಕ್ಕವೇ, ಮುಟ್ಟಬೇಡಿ. ಟೂಲ್ ಆಫ್‌ಸೆಟ್ 0.25, ಓವರ್‌ಕಟ್ (ಶುರುವಾದ ಜಾಗ ದಾಟಿ ಇನ್ನಷ್ಟು ಕತ್ತರಿಸುವ ದೂರ) 1 ಮಿ.ಮೀ. ಎಂದಿರುತ್ತದೆ. ನಿಮ್ಮ ಮಷೀನಿನಲ್ಲಿ ಆಫ್‌ಸೆಟ್ ಮೊದಲೇ ಹಾಕಿದ್ದರೆ ಇಲ್ಲಿ ಸೊನ್ನೆ ಮಾಡಿ. ಎರಡು ಕಡೆ ಲೆಕ್ಕ ಹಿಡಿದರೆ ಮೂಲೆಗಳಿಗೆ ಕಿವಿ ಮೂಡುತ್ತದೆ.

ಆಫ್‌ಸೆಟ್ ಎಂದರೇನು? ಬ್ಲೇಡಿನ ತುದಿ ಅದರ ಅಕ್ಷದ ನಡುವೆ ಇರುವುದಿಲ್ಲ, ತುಸು ಹಿಂದಕ್ಕೆ ಇರುತ್ತದೆ. ಎಳೆದ ಕಡೆ ತಾನಾಗಿ ತಿರುಗಲಿ ಎಂದು. ಆಫೀಸು ಕುರ್ಚಿಯ ತಿರುಗುವ ಚಕ್ರದ ಹಾಗೆ. ಆ ದೂರ ಸಾಮಾನ್ಯವಾಗಿ ಕಾಲು ಮಿಲಿಮೀಟರು. 10 ಮಿ.ಮೀ. ಚೌಕವೊಂದನ್ನೂ ಅದರೊಳಗೆ ದುಂಡೊಂದನ್ನೂ ಕತ್ತರಿಸಿ ನೋಡಿ. ಮೂಲೆ ದುಂಡಾಗಿದ್ದರೆ ಹಾಕಿದ ಆಫ್‌ಸೆಟ್ ಕಡಿಮೆ, ಮೂಲೆ ಹೊರಗೆ ಚಾಚಿದ್ದರೆ ಹೆಚ್ಚು. ಸಣ್ಣ ದುಂಡುಗಳಲ್ಲೂ ಈ ದೋಷ ಕಾಣುತ್ತದೆ. ಕನ್ನಡದಲ್ಲಿ ಅನುಸ್ವಾರದ ಸೊನ್ನೆ ಬಾಯಿ ಮುಚ್ಚದೆ ಉಳಿಯುತ್ತದೆ, ಸ್ಟಿಕರ್ ಬಿಡಿಸುವಾಗ ಅದೂ ಎದ್ದು ಬರುತ್ತದೆ.

ಕನ್ನಡ ಅಕ್ಷರದ ಮಾತು ಬಂದದ್ದರಿಂದ ಹೇಳುತ್ತೇವೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಟ್ರೇಲರ್‌ಗಳ ಮೇಲೆ ನೋಡಿರುತ್ತೀರಿ, "ಶ್ರೀ ಬನಶಂಕರಿ ಪ್ರಸನ್ನ". ಆ "ಶ್ರೀ" ಇದೆಯಲ್ಲ, ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಅದು ಒಂದು ಅಕ್ಷರವಲ್ಲ. ಶಿ ಒಂದು ತುಂಡು, ದೀರ್ಘ ಒಂದು ತುಂಡು, ಕೆಳಗಿನ ಒತ್ತು ಇನ್ನೊಂದು, ಒಂದರ ಮೇಲೊಂದು ಹತ್ತಿ ಕೂತಿರುತ್ತವೆ. ಕಾಗದಕ್ಕೆ ಮುದ್ರಿಸಿದರೆ ಎಲ್ಲ ಕಪ್ಪೇ, ತಿಳಿಯುವುದಿಲ್ಲ. ಬ್ಲೇಡು ಮಾತ್ರ ಪ್ರತಿ ತುಂಡಿನ ಸುತ್ತಲೂ ಹೋಗುತ್ತದೆ, ಕೂಡಿದ ಜಾಗದಲ್ಲಿ ಅಕ್ಷರದ ಮೈಯನ್ನೇ ಸೀಳುತ್ತದೆ. ಮಾಸ್ಕಿಂಗ್ ಟೇಪ್ ಎಳೆದಾಗ ಒತ್ತು ಹಿಂದೆ ಉಳಿಯುತ್ತದೆ. "ಪ್ರಸನ್ನ" ಹೋಗಿ "ಪಸನ" ಆಗುತ್ತದೆ.

ಪರಿಹಾರ ಎರಡು ಗುಂಡಿ. ಕೋರೆಲ್‌ಡ್ರಾದಲ್ಲಿ ಕಂಟ್ರೋಲ್ ಕ್ಯೂ ಒತ್ತಿ ಕರ್ವ್ ಮಾಡಿ (ಅಕ್ಷರ ಬರಿಯ ಗೆರೆಯಾಗುತ್ತದೆ), ಆಮೇಲೆ ವೆಲ್ಡ್ (ತುಂಡುಗಳು ಒಂದಾಗುತ್ತವೆ). ಇಂಕ್‌ಸ್ಕೇಪ್‌ನಲ್ಲಿ ಆಬ್ಜೆಕ್ಟ್ ಟು ಪಾತ್, ನಂತರ ಅನ್‌ಗ್ರೂಪ್, ನಂತರ ಯೂನಿಯನ್. ಅನ್‌ಗ್ರೂಪ್ ಮರೆತರೆ ಯೂನಿಯನ್ ಒತ್ತಿದರೂ ಆಗಬೇಕಾದದ್ದು ಆಗದಿರಬಹುದು. ಆದಮೇಲೆ ಕೋರೆಲ್‌ನಲ್ಲಿ ವೈರ್‌ಫ್ರೇಮ್, ಇಂಕ್‌ಸ್ಕೇಪ್‌ನಲ್ಲಿ ಔಟ್‌ಲೈನ್ ನೋಟಕ್ಕೆ ಹೋಗಿ ಒಂದೊಂದೇ ಅಕ್ಷರ ನೋಡಿ. ಅಕ್ಷರದ ಒಳಗೆ ಅಡ್ಡಗೆರೆ ಕಂಡರೆ ಇನ್ನೂ ಕೂಡಿಲ್ಲ. ಕರ್ವ್ ಮಾಡದ ಫೈಲನ್ನು ಬೇರೆ ಅಂಗಡಿಗೆ ಕೊಡಲೇಬೇಡಿ. ಅವರ ಹತ್ತಿರ ಆ ಫಾಂಟು ಇಲ್ಲದಿದ್ದರೆ ಹಳೆಯ ನುಡಿ ಅಕ್ಷರಗಳು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ತೆರೆಯುತ್ತವೆ. ಹೊಸದಾಗಿ ಟೈಪ್ ಮಾಡುವುದಿದ್ದರೆ ಯೂನಿಕೋಡ್ ಫಾಂಟು ಬಳಸಿ. ಇಂಕ್‌ಸ್ಕೇಪ್ ಒತ್ತಕ್ಷರವನ್ನು ಸರಿಯಾಗಿ ಕೂರಿಸುತ್ತದೆ. ಹಳೆಯ ಕೋರೆಲ್ ಆವೃತ್ತಿಗಳು ಅದನ್ನು ಚದುರಿಸುತ್ತವೆ, ಅಂಗಡಿಗಳು ಇನ್ನೂ ನುಡಿ ಬಿಡದಿರುವುದಕ್ಕೆ ಅದೂ ಒಂದು ಕಾರಣ.

ಗಾತ್ರ: ಸಾದಾ ವಿನೈಲಿನಲ್ಲಿ (ಸ್ಟಿಕರ್ ಹಾಳೆಯಲ್ಲಿ) ಅಕ್ಷರದ ಎತ್ತರ 12 ಮಿ.ಮೀ.ಗಿಂತ ಕೆಳಗಿಳಿದರೆ ಒತ್ತುಗಳು ಮೂರು ನಾಲ್ಕು ಮಿ.ಮೀ. ಆಗುತ್ತವೆ. ಅಷ್ಟು ಸಣ್ಣದಕ್ಕೆ ಪ್ರಿಂಟೇ ಮೇಲು. ಸ್ಟೆನ್ಸಿಲ್ ಮಾಡುವವರು ಠ ಅಕ್ಷರದ, ಸೊನ್ನೆಯ ಒಳಗಿನ ತುಂಡು ಉದುರದ ಹಾಗೆ ಎರಡು ಮಿ.ಮೀ. ಸೇತುವೆ ಬಿಡಬೇಕು. ಬಟ್ಟೆಗೆ ಇಸ್ತ್ರಿ ಹಾಕಿ ಅಂಟಿಸುವ ವಿನೈಲಿಗೆ ಕನ್ನಡಿಯಂತೆ ತಿರುಗಿಸಿ ಕತ್ತರಿಸಿ. ಇಷ್ಟು ಸಾಕು, ಇದು ಎಲ್ಲರಿಗೂ ಒಮ್ಮೆ ತಪ್ಪಿದ ಮೇಲೆ ತಾನೇ ನೆನಪಿರುತ್ತದೆ.

ಇನ್ನು ಬಾಗಿಲುಗಳು.

ರೇಡಿಯಂ ಅಂಗಡಿಯ ಪ್ಲಾಟರಿನ ಬಾಗಿಲು ಪೂರ್ತಿ ತೆರೆದದ್ದು. ಯಾರ ಖಾತೆಯೂ ಬೇಡ, ಇಂಟರ್ನೆಟ್ಟೂ ಬೇಡ. ಅದರ ತೊಂದರೆ ಹೊಸ್ತಿಲಲ್ಲಿದೆ, ಅಂದರೆ ಪೋರ್ಟಿನಲ್ಲಿ. ಯುಎಸ್‌ಬಿ ಕೇಬಲ್ ಹಾಕಿದರೂ ಒಳಗೆ ಅದು ಬಹಳಷ್ಟು ಮಷೀನುಗಳಲ್ಲಿ ಹಳೆಯ ಸೀರಿಯಲ್ ಪೋರ್ಟೇ. ಬೇರೆ ತೂತಿಗೆ ಚುಚ್ಚಿದರೆ ಪೋರ್ಟಿನ ಹೆಸರು ಕಾಮ್ 3 ಇದ್ದದ್ದು ಕಾಮ್ 7 ಆಗಿಬಿಡುತ್ತದೆ, ಪ್ರೋಗ್ರಾಮು ಇನ್ನೂ 3ನ್ನೇ ಹುಡುಕುತ್ತಿರುತ್ತದೆ. ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ಪೋರ್ಟ್ಸ್ ಎಂಬಲ್ಲಿ ನೋಡಿ ಸರಿಮಾಡಿ, ಕೇಬಲ್ ಯಾವ ತೂತಿಗೆ ಎಂದು ಬಣ್ಣದ ಗುರುತು ಹಾಕಿಡಿ. ವೇಗ 9600 ಎಂದು ಮಷೀನಿನಲ್ಲಿದ್ದರೆ ಕಂಪ್ಯೂಟರಿನಲ್ಲೂ ಅಷ್ಟೇ ಇರಬೇಕು. ಫ್ಲೋ ಕಂಟ್ರೋಲ್ ಎರಡೂ ಕಡೆ ಒಂದೇ ಇರಬೇಕು. ಚಿಕ್ಕ ಕೆಲಸ ಸರಿಯಾಗಿ ಬಂದು, ದೊಡ್ಡ ಕೆಲಸದಲ್ಲಿ ಅರ್ಧಕ್ಕೆ ಬ್ಲೇಡು ಹುಚ್ಚು ಹಿಡಿದಂತೆ ಅಡ್ಡಗೆರೆ ಎಳೆದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ: ಮಷೀನಿನ ನೆನಪು ತುಂಬಿ "ತಡಿ" ಎಂದರೂ ಕಂಪ್ಯೂಟರ್ ಕೇಳಿಸಿಕೊಳ್ಳುತ್ತಿಲ್ಲ, ನಡುವಿನ ಅಂಕಿಗಳು ಸೋರಿಹೋಗುತ್ತಿವೆ.

ಎರಡನೆಯ ಅನುಮಾನ ಅರ್ತಿಂಗ್. ವಿಜಯಪುರದ ಏಪ್ರಿಲ್ ಒಣಹವೆಯಲ್ಲಿ ವಿನೈಲ್ ರೋಲ್ ಬಿಚ್ಚಿದಂತೆಲ್ಲ ಸ್ಥಿರವಿದ್ಯುತ್ ಹುಟ್ಟುತ್ತದೆ, ಒಮ್ಮೆ ಚಟ್ ಎಂದರೆ ಯುಎಸ್‌ಬಿ ಸಂಪರ್ಕವೇ ಕಡಿಯಬಹುದು. ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಅರ್ತ್ ನಿಜವಾಗಿ ಇದೆಯೇ ಎಂದು ವೈರಿಂಗ್‌ನವರಿಂದ ನೋಡಿಸಿ. ಬೆಳಗಾವಿಯ ಮಳೆಗಾಲದಲ್ಲಿ ಇದರ ಉಲ್ಟಾ ಕಥೆ. ವಿನೈಲಿನ ಹಿಂದಿನ ಕಾಗದ ತೇವ ಹೀರಿ ಸುರುಳಿಗಟ್ಟುತ್ತದೆ, ಎರಡು ಮೀಟರ್ ಓಡುವಷ್ಟರಲ್ಲಿ ಓರೆಯಾಗುತ್ತದೆ. ರೋಲನ್ನು ಹಿಂದಿನ ದಿನವೇ ಅದೇ ಕೋಣೆಯಲ್ಲಿಟ್ಟು, ಬೇಕಾದಷ್ಟು ಮೊದಲೇ ಬಿಚ್ಚಿ ಸಡಿಲ ಬಿಡಿ.

ಮನೆಯಲ್ಲಿಟ್ಟುಕೊಳ್ಳುವ ಚಿಕ್ಕ ಮಷೀನುಗಳಿಗೆ ಬರೋಣ. ಸಿಲೂಯೆಟ್ ಅರ್ಧ ತೆರೆದ ಬಾಗಿಲು. ಅದರ ಸ್ಟುಡಿಯೊ ಪ್ರೋಗ್ರಾಮು ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆ ನಡೆಯುತ್ತದೆ. ಉಚಿತ ಆವೃತ್ತಿಯಲ್ಲಿ ಡಿಎಕ್ಸ್‌ಎಫ್, ಪಿಎನ್‌ಜಿ ತೆರೆಯುತ್ತವೆ; ಎಸ್‌ವಿಜಿ ಬೇಕೆಂದರೆ ದುಡ್ಡು ಕೊಟ್ಟು ಡಿಸೈನರ್ ಎಡಿಷನ್‌ಗೆ ಏರಬೇಕು. ಉಳಿಸುವುದು ಸ್ಟುಡಿಯೊ3 ಎಂಬ ತನ್ನದೇ ಮಾದರಿಯಲ್ಲಿ, ಅದು ಬೇರೆ ಪ್ರೋಗ್ರಾಮುಗಳಿಗೆ ಬೇಡದ ನೆಂಟ. ಅದಕ್ಕೇ ಮೂಲ ವಿನ್ಯಾಸವನ್ನು ಅಲ್ಲಿ ಬಿಡಿಸಬೇಡಿ, ಹೊರಗೆ ಬಿಡಿಸಿ ಒಳಗೆ ತನ್ನಿ. ಇಂಕ್‌ಸ್ಕೇಪ್‌ನಿಂದ ನೇರವಾಗಿ ಸಿಲೂಯೆಟ್‌ಗೆ ಕಳಿಸುವ ಉಚಿತ ಎಕ್ಸ್‌ಟೆನ್ಶನ್ ಕೂಡ ಇದೆ.

ಬ್ರದರ್ ಕಂಪನಿಯ ಸ್ಕ್ಯಾನ್‌ಎನ್‌ಕಟ್ ಕಂಪ್ಯೂಟರ್ ಇಲ್ಲದೆಯೂ ದುಡಿಯುತ್ತದೆ. ಸ್ಕ್ಯಾನರ್ ಒಳಗೇ ಇದೆ. ಎಫ್‌ಸಿಎಂ ಅದರ ಸ್ವಂತ ಮಾದರಿ, ಹೊಸ ಮಷೀನುಗಳು ಪೆನ್‌ಡ್ರೈವಿನಿಂದ ಎಸ್‌ವಿಜಿಯನ್ನೂ ಓದುತ್ತವೆ. ಕರೆಂಟು ಮತ್ತು ಪೆನ್‌ಡ್ರೈವ್ ಎರಡೇ ಸಾಕು ಎನ್ನುವುದು ಹಳ್ಳಿಯ ಸಂಘಕ್ಕೆ ಸಣ್ಣ ಮಾತಲ್ಲ.

ಕ್ರಿಕಟ್ ಬಾಗಿಲಿಗೆ ಕಾವಲುಗಾರ ಇದ್ದಾನೆ. ಎಸ್‌ವಿಜಿ, ಡಿಎಕ್ಸ್‌ಎಫ್, ಪಿಎನ್‌ಜಿ ಎಲ್ಲವನ್ನೂ ತೆಗೆದುಕೊಳ್ಳುತ್ತದೆ, ಆದರೆ ಅದರ ಡಿಸೈನ್ ಸ್ಪೇಸ್ ಮೂಲಕವೇ, ನಿಮ್ಮ ಖಾತೆಯಲ್ಲಿ ಲಾಗಿನ್ ಆಗಿಯೇ. ಮೊದಲೇ ಇಳಿಸಿಟ್ಟುಕೊಂಡ ಕೆಲಸ ಬಿಟ್ಟರೆ ಇಂಟರ್ನೆಟ್ ಬೇಕು. ಅಲ್ಲಿ ಬಿಡಿಸಿದ್ದನ್ನು ಎಸ್‌ವಿಜಿಯಾಗಿ ಹೊರಗೆ ತರಲು ಗುಂಡಿ ಇಲ್ಲ. ಇದರ ಹಿಂದೆ ಒಂದು ಇತಿಹಾಸ ಇದೆ. ಶುರುವಿನಲ್ಲಿ ಕಂಪನಿಯ ಕಾರ್ಟ್ರಿಜ್ ಚುಚ್ಚಿದರೆ ಮಾತ್ರ ಚಿತ್ರ. ಶೂರ್ ಕಟ್ಸ್ ಅ ಲಾಟ್, ಮೇಕ್ ದ ಕಟ್ ಎಂಬ ಎರಡು ಹೊರಗಿನ ಪ್ರೋಗ್ರಾಮುಗಳು ಸ್ವಂತ ಚಿತ್ರ ಕತ್ತರಿಸುವ ದಾರಿ ಮಾಡಿಕೊಟ್ಟವು. 2011ರ ಸುಮಾರಿಗೆ ವಿಷಯ ಕೋರ್ಟಿಗೆ ಹೋದ ಮೇಲೆ ಎರಡೂ ಆ ದಾರಿ ಮುಚ್ಚಿದವು. 2018ರಲ್ಲಿ ಕ್ರಾಫ್ಟ್ ರೂಮ್ ಎಂಬ ಹಳೆಯ ಪ್ರೋಗ್ರಾಮನ್ನು ಕಂಪನಿ ನಿಲ್ಲಿಸಿತು, ಅದನ್ನೇ ನಂಬಿದ್ದ ಹಳೆಯ ಮಷೀನುಗಳು ಮತ್ತೆ ಕಾರ್ಟ್ರಿಜ್‌ಗೆ ಮರಳಿದವು. 2021ರ ಮಾರ್ಚ್‌ನಲ್ಲಿ, ಚಂದಾ ಕಟ್ಟದವರು ತಿಂಗಳಿಗೆ 20 ಚಿತ್ರ ಮಾತ್ರ ಏರಿಸಬಹುದು ಎಂಬ ನಿಯಮ ಸಾರಿತು. ಬಳಕೆದಾರರು ದೊಡ್ಡ ಗಲಾಟೆ ಎಬ್ಬಿಸಿದ್ದರಿಂದ ಅದೇ ತಿಂಗಳು ಹಿಂದಕ್ಕೆ ತೆಗೆದುಕೊಂಡಿತು. ಮಷೀನು ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ, ಕತ್ತರಿಸುವುದರಲ್ಲಿ ಅದು ಜೋರು. ಕೊಳ್ಳುವಾಗ ಈ ಕರಾರು ಗೊತ್ತಿರಲಿ.

ಸಂಘಕ್ಕೆ ಒಂದೇ ಮಷೀನು ತರುವವರಿಗೆ ಬರುವ ತೊಂದರೆ ಇಲ್ಲೇ. ಖಾತೆ ಒಬ್ಬರ ಇಮೇಲಿನಲ್ಲಿ, ಒಟಿಪಿ ಒಬ್ಬರ ಫೋನಿಗೆ. ಅವರು ಬಾಣಂತನಕ್ಕೆ ತವರಿಗೆ ಹೋದರೆ ಮಷೀನು ಮೂಲೆಗೆ. ಸಂಘದ ಹೆಸರಲ್ಲೇ ಇಮೇಲ್ ಮಾಡಿ, ಪಾಸ್‌ವರ್ಡನ್ನು ನಡಾವಳಿ ಪುಸ್ತಕದ ಜೊತೆ ಇಡಿ, ಎರಡು ಫೋನ್ ನಂಬರ್ ಜೋಡಿಸಿ. ಪ್ರತಿ ವಿನ್ಯಾಸವನ್ನೂ ಎಸ್‌ವಿಜಿಯಲ್ಲಿ ಎರಡು ಸಲ ಉಳಿಸಿ: ಅಕ್ಷರ ತಿದ್ದಲು ಬರುವಂಥದು ಒಂದು, ಕರ್ವ್ ಮಾಡಿ ಕೂಡಿಸಿದ್ದು ಇನ್ನೊಂದು. ಊರಿನ ರೇಡಿಯಂ ಅಂಗಡಿಗೆ ಕೊಡಲು ಪಿಎಲ್‌ಟಿ ಅಥವಾ ಇಪಿಎಸ್. ಕೋರೆಲ್ ಫೈಲೇ ಬೇಕು ಎಂದರೆ ಅವರ ಆವೃತ್ತಿ ಕೇಳಿ, ಉಳಿಸುವಾಗ ಆ ಹಳೆಯ ಆವೃತ್ತಿಯನ್ನೇ ಆರಿಸಿ.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಹಾಕುತ್ತೇವೆ.

"ಕಂಪ್ಯೂಟರ್ ಇಲ್ರೀ, ಫೋನಿನ್ಯಾಗ ಆಗತೈತೇನ್ರೀ?" ಬ್ಲೂಟೂತ್ ಇರುವ ಮಷೀನುಗಳಲ್ಲಿ ಆಗುತ್ತದೆ. ಕ್ರಿಕಟ್‌ನ ಫೋನ್ ಆ್ಯಪ್ ಎಸ್‌ವಿಜಿ ತೆಗೆದುಕೊಳ್ಳುತ್ತದೆ, ಡಿಎಕ್ಸ್‌ಎಫ್ ತೆಗೆದುಕೊಳ್ಳುವುದಿಲ್ಲ. ಆದರೆ ಒತ್ತಕ್ಷರ ಕೂಡಿದೆಯೇ ಎಂದು ಚಿಕ್ಕ ಪರದೆಯಲ್ಲಿ ನೋಡುವುದು ಕಷ್ಟ. ವಿನ್ಯಾಸವನ್ನು ಕಂಪ್ಯೂಟರ್ ಇದ್ದವರಲ್ಲಿ ಸರಿಮಾಡಿಸಿಕೊಂಡು, ಕತ್ತರಿಸುವುದನ್ನು ಮಾತ್ರ ಫೋನಿನಿಂದ ಮಾಡಿ.

"ಸೆಕೆಂಡ್ ಹ್ಯಾಂಡ್ ತಗೊಂಡ್ರ ಏನ್ ನೋಡಬೇಕ್ರೀ?" ಮಾರುವವರ ಎದುರಿಗೇ ನಿಮ್ಮ ಪೆನ್‌ಡ್ರೈವಿನ ಫೈಲು ಹಾಕಿ 100 ಮಿ.ಮೀ. ಚೌಕ ಕತ್ತರಿಸಿಸಿ, ಸ್ಕೇಲಿನಿಂದ ಎರಡೂ ಕಡೆ ಅಳೆಯಿರಿ. ಖಾತೆ ಬೇಡುವ ಮಷೀನಾದರೆ ಅವರ ಖಾತೆಯಿಂದ ಬಿಡಿಸಿ, ನಿಮ್ಮದಕ್ಕೆ ಸೇರಿಸಿ, ಅದು ಓಡಿದ ಮೇಲೆ ದುಡ್ಡು ಕೊಡಿ. ಪ್ಲಾಟರ್ ಆದರೆ ಡ್ರೈವರ್ ಸಿಡಿ ಕೇಳಬೇಡಿ, ಕೇಬಲ್ಲಿನ ಒಳಗಿನ ಚಿಪ್ ಯಾವುದು ಎಂದು ಡಿವೈಸ್ ಮ್ಯಾನೇಜರಿನಲ್ಲಿ ನೋಡಿಕೊಳ್ಳಿ; ಸಿಎಚ್340 ಅಥವಾ ಎಫ್‌ಟಿಡಿಐ ಎಂದಿದ್ದರೆ ಡ್ರೈವರ್ ಸುಲಭವಾಗಿ ಸಿಗುತ್ತದೆ. ಒತ್ತುವ ರಬ್ಬರ್ ಗಾಲಿಗಳು ಸವೆದಿಲ್ಲವೇ, ಬ್ಲೇಡಿನ ಕೆಳಗಿನ ಬಿಳಿ ಪಟ್ಟಿಯಲ್ಲಿ ಗಾಯಗಳಿಲ್ಲವೇ ಬೆರಳಾಡಿಸಿ ನೋಡಿ. ಆ ಪಟ್ಟಿ ಸೀಳಿದ್ದರೆ ಅಲ್ಲಿ ಬ್ಲೇಡು ಇಳಿದು ಹಿಂದಿನ ಕಾಗದವನ್ನೂ ಕತ್ತರಿಸುತ್ತದೆ. ಪಟ್ಟಿ ಅಗ್ಗದ್ದು, ಬೆಲೆ ಇಳಿಸಲು ಮಾತ್ರ ಅದನ್ನು ತೋರಿಸಿ.